ಬೆನ್ನಿನ ನೋವೂ ರಕ್ತದ ಚೀಟಿಯೂ



ತಾಂಡಿಕುಡಿಯ ಕಾಫಿ ತೋಟದಲ್ಲಾಗಲಿ, ಬೋಡಿ ಬೆಟ್ಟದ ಏಲಕ್ಕಿ ತೋಟದಲ್ಲಾಗಲಿ ಮೂಟೆ ಹೊತ್ತು ಬೆನ್ನು ಹಿಡಿದುಕೊಂಡವರು ನಮ್ಮಲ್ಲಿ ಅನೇಕರು. ಬೆನ್ನೆಲುಬುಗಳ ನಡುವಿನ ಮೆತ್ತೆ ಹೊರಚಾಚಿ ನರವನ್ನು ಒತ್ತಿದರೆ ನೋವು ಕಾಲಿನವರೆಗೂ ಇಳಿಯುತ್ತದೆ. ಡಿಸ್ಕ್ ಜಾರಿದೆ ಎನ್ನುವುದು ಇದನ್ನೇ. ನರದ ಸುತ್ತ ಏಳುವ ಉರಿಯೂತವೂ ನೋವನ್ನು ಹೆಚ್ಚಿಸುತ್ತದೆ. ಆದ್ದರಿಂದ ಸಿ.ಆರ್.ಪಿ., ಇಂಟರ್‌ಲ್ಯೂಕಿನ್-6 ಮುಂತಾದ ಉರಿಯೂತದ ಗುರುತುಗಳನ್ನು ರಕ್ತದಲ್ಲಿ ಅಳೆದು, ಯಾರು ಬೇಗ ಗುಣವಾಗುವರೆಂದು ಮೊದಲೇ ತಿಳಿಯಲು ವಿಜ್ಞಾನಿಗಳು ಯತ್ನಿಸುತ್ತಿದ್ದಾರೆ. ಆದರೆ ಒಬ್ಬೊಬ್ಬ ರೋಗಿಯ ವಿಷಯದಲ್ಲಿ ನಂಬಬಹುದಾದ ಪರೀಕ್ಷೆ ಇನ್ನೂ ಸಿದ್ಧವಾಗಿಲ್ಲ. ಸಿ.ಆರ್.ಪಿ. ಬೇರೆ ಸೋಂಕಿನಿಂದಲೂ ಏರುತ್ತದೆ. ಡಿಸ್ಕ್ ಜಾರಿದವರಲ್ಲಿ ಏರದೆಯೂ ಇರಬಹುದು.

ಆದಕಾರಣ "ರಕ್ತ ಚೆನ್ನಾಗಿದೆ, ಮೂಟೆ ಹೊರು" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ, ಇಲ್ಲವೇ ಕೆಲವು ತಿಂಗಳುಗಳಲ್ಲಿ, ಶಸ್ತ್ರಕ್ರಿಯೆಯಿಲ್ಲದೆ ನೋವು ಇಳಿಯುತ್ತದೆ. ಹಾಸಿಗೆ ಹಿಡಿಯದೆ ಮೆಲ್ಲಗೆ ನಡೆದಾಡಿರಿ; ಭಾರ ಬೇಡ. ಮೂತ್ರ ಕಟ್ಟಿದರೆ, ತೊಡೆಯ ಸಂದು ಮರಗಟ್ಟಿದರೆ, ಕಾಲಿನ ಬಲ ಕುಂದಿದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿರಿ.

ಐಗುಪ್ತದಲ್ಲಿ ಫರೋಹನು ಇಟ್ಟಿಗೆಯ ಲೆಕ್ಕವನ್ನು ಮಾತ್ರ ಕೇಳಿದನು. ದೇವರು ಹೊರುವವರ ನರಳಾಟವನ್ನು ಕೇಳಿದನು. ನಾವೂ ಕೇಳೋಣ. ನೋವಿನಲ್ಲಿರುವ ಸಹೋದರನ ಪಾಲಿನ ಮೂಟೆಯನ್ನು ಅವನು ಗುಣವಾಗುವವರೆಗೆ ಹಂಚಿಕೊಂಡು ಹೊರೋಣ.