ಸಾಕು ಎಂದವರೇ ಸಾಕಬಲ್ಲರು

ಕಳೆದ ವಾರ ಅಡುಗೆಮನೆಯ ಡಬ್ಬಿ ತೆರೆದರೆ ಅಕ್ಕಿಯ ತುಂಬ ಹುಳ. ಬೆಲೆ ಇಳಿದಿದೆ ಎಂದು 25 ಕಿಲೊದ ಎರಡು ಮೂಟೆ ತಂದಿದ್ದೆ. ಮನೆಯಲ್ಲಿರುವುದು ಮೂವರು. ಒಂದು ಮೂಟೆ ಮುಗಿಯುವ ಹೊತ್ತಿಗೆ ಇನ್ನೊಂದರ ಗತಿ ಹೀಗಾಗಿತ್ತು. ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ ಅಕ್ಕಿ ಹರವಿ, ಮೊರದಲ್ಲಿ ಕೇರುತ್ತ ಕುಳಿತಾಗ ಅಜ್ಜಿಯ ನೆನಪಾಯಿತು.

ಅಜ್ಜಿ ದಿನವೂ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದಲೇ ಒಂದು ಹಿಡಿ ತೆಗೆದು ಒಲೆಯ ಪಕ್ಕದ ಗಡಿಗೆಗೆ ಹಾಕುತ್ತಿದ್ದಳು. ಅದು ಮುಷ್ಟಿ ಅಕ್ಕಿ. ತಿಂಗಳಿಗೊಮ್ಮೆ ಮಠದವರು ಬಂದು ಒಯ್ಯುತ್ತಿದ್ದರು. ಮಠದ ಹಾಸ್ಟೆಲಿನ ಮಕ್ಕಳಿಗೆ ಅದು ಅನ್ನವಾಗುತ್ತಿತ್ತು. ಅಕ್ಕಿ ಕಡಿಮೆಯಿದ್ದ ದಿನ ಹಿಡಿ ಚಿಕ್ಕದಾಗುತ್ತಿತ್ತೇ ಹೊರತು ತಪ್ಪುತ್ತಿರಲಿಲ್ಲ. ಒಮ್ಮೆ ನಾನು, “ನಮಗೇ ಸಾಲಲ್ವಲ್ಲ ಅಜ್ಜಿ” ಎಂದಾಗ ಆಕೆ ಹೇಳಿದ್ದು ಇಷ್ಟೇ: “ನಮ್ಗೆ ಸಾಕು ಕಣೋ ಮಗ. ಇದು ಸಾಕೋ ಅಕ್ಕಿ.”

ಆಗ ಅದು ಮಾತಿನ ಚಮತ್ಕಾರ ಅನ್ನಿಸಿತ್ತು. ಈಗ ನೋಡಿದರೆ ಅಜ್ಜಿಯ ಧರ್ಮವೆಲ್ಲ ಆ ಒಂದು ಪದದಲ್ಲಿದೆ. ನಮ್ಮ ಭಾಷೆಯಲ್ಲಿ ‘ಸಾಕು’ ಎಂದರೆ ಇನ್ನು ಬೇಡ ಎಂಬುದೂ ಹೌದು, ಸಲಹು ಎಂಬುದೂ ಹೌದು. ಎಲೆಯ ಮೇಲೆ ಕೈ ಅಡ್ಡ ಹಿಡಿದು ಆಡುವ ಮಾತೂ ಅದೇ, ತಾಯಿ ಮಗುವನ್ನು ಸಾಕುವ ಕೆಲಸದ ಹೆಸರೂ ಅದೇ. ಈ ಎರಡು ಅರ್ಥಗಳಿಗೆ ಬೇರು ಒಂದೇ ಹೌದೋ ಅಲ್ಲವೋ ಎಂಬುದು ಪಂಡಿತರ ವಿಚಾರ. ಬದುಕಿನಲ್ಲಂತೂ ಅವು ಒಂದಕ್ಕೊಂದು ಹೆಣೆದುಕೊಂಡಿವೆ. ತನಗೆ ಸಾಕು ಎನ್ನದವನ ಕೈ ಇನ್ನೊಬ್ಬರನ್ನು ಸಾಕುವಷ್ಟು ಬಿಡುವಾಗುವುದೇ ಇಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದನ್ನು ಸ್ಪಷ್ಟವಾಗಿ ತಿಳಿದಿದ್ದವಳು ಆಯ್ದಕ್ಕಿ ಲಕ್ಕಮ್ಮ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಬಂದ ಲಕ್ಕಮ್ಮ, ಮಾರಯ್ಯ ದಂಪತಿಗೆ ಅಕ್ಕಿ ಆಯುವುದೇ ಕಾಯಕ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯ ಆಯ್ದು ತರುತ್ತಿದ್ದ. ಅದರಲ್ಲೇ ಜಂಗಮರಿಗೂ ಊಟವಾಗಬೇಕು. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟೊಂದು ಏಕೆ ಎಂದು ಕೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು ಎನ್ನುತ್ತದೆ ಕಥೆ. ನಾಳೆಗೆ ಎಂದು ಕೂಡಿಡುವುದು ಆಕೆಗೆ ಭಕ್ತಿಯಲ್ಲಿ ಮೂಡಿದ ಬಿರುಕಿನಂತೆ ಕಂಡಿತು. ಕಾಯಕವನ್ನು ಕೈಲಾಸಕ್ಕೆ ಸಮವೆಂದು ಹೇಳಿದ ಮಾರಯ್ಯನಿಗೂ ಕಾಯಕದ ಅಳತೆ ಎಷ್ಟೆಂದು ತೋರಿಸಿಕೊಟ್ಟವಳು ಹೆಂಡತಿ.

ಲಕ್ಕಮ್ಮ ಬಡವಿ. ಶ್ರವಣಬೆಳಗೊಳದಲ್ಲಿ 58 ಅಡಿ ಎತ್ತರದ ಕಲ್ಲಾಗಿ ನಿಂತಿರುವ ಬಾಹುಬಲಿ ಅರಸುಮಗ. ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದ ಗಳಿಗೆಯಲ್ಲಿ, ಇಡೀ ರಾಜ್ಯ ಕೈಗೆ ಬಂದಿದ್ದಾಗ, ಆತ ಸಾಕು ಎಂದ. ಒಬ್ಬಳು ಹಿಡಿ ಅಕ್ಕಿಯ ಮುಂದೆ, ಇನ್ನೊಬ್ಬ ಸಿಂಹಾಸನದ ಮುಂದೆ ಆಡಿದ ಮಾತು ಒಂದೇ. ಸಾಕು ಎನ್ನಲು ಇಷ್ಟು ಇರಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇಲ್ಲಿ ಒಂದು ಎಚ್ಚರವೂ ಬೇಕು. ಈ ಮಾತನ್ನು ನಾವು ಬಹಳ ಸಲ ತಪ್ಪು ದಿಕ್ಕಿಗೆ ತಿರುಗಿಸುತ್ತೇವೆ. ಮನೆಕೆಲಸದಾಕೆ ಸಂಬಳ ಹೆಚ್ಚಿಸಿ ಎಂದರೆ, ಕೂಲಿಯವನು ಇನ್ನೈವತ್ತು ಕೇಳಿದರೆ, ತೃಪ್ತಿಯ ಪಾಠ ಹೇಳುತ್ತೇವೆ. ಅದು ಅನ್ಯಾಯ. ಲಕ್ಕಮ್ಮ ಸಾಕು ಎಂದದ್ದು ತನ್ನ ಮನೆಯ ಮಡಕೆಗೆ, ಪಕ್ಕದ ಮನೆಯ ಮಡಕೆಗಲ್ಲ. ಸಾಕು ಎಂಬುದು ತನಗೆ ತಾನು ಹೇಳಿಕೊಳ್ಳಬೇಕಾದ ಮಾತು. ಎದುರಿನವರಿಗೆ ಹೇಳಬೇಕಾದದ್ದು ಪಂಕ್ತಿಯಲ್ಲಿ ಬಡಿಸುವವರ ಮಾತು: ಇನ್ನೊಂಚೂರು ಹಾಕಲಾ?

ಆ ಮಾತನ್ನು ಬದುಕಿಡೀ ಆಡಿದವರನ್ನು ನಮ್ಮ ಕಾಲವೇ ಕಂಡಿದೆ. 1907ರಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿ ಮಠದ ಮಕ್ಕಳ ಹೊಟ್ಟೆ ನೋಡಿಕೊಂಡವರು. ಅಲ್ಲಿ ಸುಮಾರು 10 ಸಾವಿರ ಮಕ್ಕಳು ಜಾತಿ, ಮತದ ಪ್ರಶ್ನೆಯಿಲ್ಲದೆ ಉಂಡು ಓದುತ್ತಾರೆ. 2019ರ ಜನವರಿ 21ರಂದು ಸ್ವಾಮೀಜಿ ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟವಾದ ಮೇಲೆಯೇ ಸುದ್ದಿ ಹೊರಬಂತು. ಅವರ ಇಚ್ಛೆಯೂ ಅದೇ ಆಗಿತ್ತು. ತನ್ನ ಸಾವಿಗಾಗಿಯೂ ಮಗುವೊಂದು ತುತ್ತು ಬಿಟ್ಟು ಏಳಬಾರದು ಎನ್ನುವ ಮನಸ್ಸನ್ನು ಏನೆಂದು ಕರೆಯುವುದು? ದೇವರು ಎಂಬ ಪದ ನನಗೆ ಅರ್ಥವಾಗುವುದು ಅಂಥ ಕಡೆ.

ನಾನು ದೇವರ ಮುಂದೆ ನಿಂತಾಗಲೆಲ್ಲ ಬೇಡಿದ್ದೇ ಹೆಚ್ಚು. ಕೆಲಸ ಬೇಕು, ಮನೆ ಬೇಕು, ಆರೋಗ್ಯ ಬೇಕು. ಬೇಡುವುದು ಪಾಪವಲ್ಲ. ಆದರೆ ಕೊಟ್ಟದ್ದು ಸಾಕಾಯಿತು ಎಂದು ಹೇಳಲೆಂದೇ ಒಮ್ಮೆಯೂ ಗುಡಿಗೆ ಹೋಗಲಿಲ್ಲವಲ್ಲ ಎಂಬುದು ಮೊರ ಹಿಡಿದು ಕುಳಿತಾಗ ಹೊಳೆಯಿತು.

ಅದೇ ಹೊತ್ತಿಗೆ ಇನ್ನೊಂದು ಯೋಚನೆಯೂ ಸುಳಿಯಿತು. ಈ ಅಕ್ಕಿಯನ್ನು ಯಾರಿಗಾದರೂ ಕೊಟ್ಟುಬಿಡೋಣವೆ? ಮರುಕ್ಷಣವೇ ನಾಚಿಕೆಯಾಯಿತು. ಅಜ್ಜಿಯ ಹಿಡಿ ಉಂಡು ಉಳಿದದ್ದಲ್ಲ. ಒಲೆಯ ಮೇಲೆ ಎಸರು ಇಡುವ ಮೊದಲೇ, ಒಳ್ಳೆಯ ಅಕ್ಕಿಯಿಂದಲೇ ಎತ್ತಿಟ್ಟದ್ದು. ಹುಳ ಬಿದ್ದದ್ದನ್ನು ದಾಟಿಸುವುದು ದಾನವಲ್ಲ. ಆ ಅಕ್ಕಿಯನ್ನು ಕೇರಿ, ಒಣಗಿಸಿ, ತೊಳೆದು ನಾವೇ ಉಣ್ಣುತ್ತಿದ್ದೇವೆ.

ಇದು ಮುಗಿದ ಮೇಲೆ ತರುವುದು ಹತ್ತು ಕಿಲೊ ಮಾತ್ರ. ಒಲೆಯ ಪಕ್ಕ ಒಂದು ಚಿಕ್ಕ ಡಬ್ಬಿ ಬಂದಿದೆ. ನೀವೂ ನಾಳೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಡಿ. ಯಾರಿಗೆ ಕೊಡುವುದೆಂದು ಮೊದಲೇ ಗೊತ್ತಿರಬೇಕಿಲ್ಲ. ಡಬ್ಬಿ ತುಂಬುವ ಹೊತ್ತಿಗೆ, ನಿಮ್ಮ ಬೀದಿಯಲ್ಲೇ ಹಸಿದ ಮನೆ ಯಾವುದೆಂದು ಕಣ್ಣಿಗೆ ಬಿದ್ದಿರುತ್ತದೆ.