ಕಡತದ ಕೊನೆಯ ಪ್ರತ್ಯಯ

ಪದವು ವಾಕ್ಯದಲ್ಲಿ ಯಾವ ಕೆಲಸಕ್ಕೆ ನಿಂತಿದೆಯೆಂಬುದನ್ನು ಕನ್ನಡದಲ್ಲಿ ತಿಳಿಸುವುದು ಅದರ ಕೊನೆಯ ಪ್ರತ್ಯಯ. 'ಮರವನ್ನು', 'ಮರದಿಂದ' ಎಂಬಲ್ಲಿ ಪ್ರಕೃತಿ ಒಂದೇ, ಅರ್ಥ ಬೇರೆ. ಮಿಂಚಂಚೆಯ ಲಗತ್ತುಗಳಲ್ಲಿ ವೈರಸ್ಸನ್ನು ಗುರುತಿಸುವ ಮೊದಲ ಪಾಠವೂ ಇದೇ: ಕಡತದ ಹೆಸರಿನಲ್ಲಿ ಕೊನೆಯ ಚುಕ್ಕೆಯ ಮುಂದಿನ ಅಕ್ಷರಗಳನ್ನು ಓದಬೇಕು.

2000ನೇ ಇಸವಿಯ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ 'ಐ ಲವ್ ಯು' ಪಿಡುಗು ಪ್ರೇಮಪತ್ರದ ವೇಷದಲ್ಲಿ ಬಂದಿತು. ಕಡತದ ಹೆಸರಿಗೆ ಎರಡು ಪ್ರತ್ಯಯಗಳು: ಮೊದಲು 'ಟಿಎಕ್ಸ್‌ಟಿ', ಅನಂತರ 'ವಿಬಿಎಸ್'. ಪರಿಚಿತ ಪ್ರತ್ಯಯಗಳನ್ನು ಮರೆಮಾಡುವುದು ವಿಂಡೋಸಿನ ರೂಢಿ. ಹೀಗಾಗಿ ಎರಡನೆಯದು ಅನೇಕರಿಗೆ ಕಾಣಲೇ ಇಲ್ಲ. ಸಾಧಾರಣ ಬರೆಹವೆಂದು ತೆರೆದವರ ಚಿತ್ರಗಳು ಹಾಳಾದವು. ಅವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ಅವರ ಹೆಸರಿನಲ್ಲಿಯೇ ಅದು ಹೊರಟಿತು. ಪರಿಚಿತರು ಕಳುಹಿಸಿದ್ದೆಂಬ ಭರವಸೆಯೇ ಇಲ್ಲಿ ಬಲೆ.

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳಿವೆ. ಅವರ ಓದುಬರೆಹ ಬಹುಮಟ್ಟಿಗೆ ತಮಿಳಿನಲ್ಲಿ. ನೆರೆಯ ಬೋಡಿನಾಯಕನೂರಿನಲ್ಲಿ ಏಲಕ್ಕಿ ಹರಾಜು ಕೂಡ ಈಗ ಗಣಕದ ಮೂಲಕ ನಡೆಯುತ್ತದೆ. 'ಬೆಲೆಪಟ್ಟಿ' ಎಂಬ ಹೆಸರಿನ ಕಡತವನ್ನು ಅಲ್ಲಿ ಯಾರು ಶಂಕಿಸಿಯಾರು? ಅಂಥವರಿಗೆ ಇಂಗ್ಲಿಷಿನ ಸೂಚನೆಯಾಗಲಿ, ಕನ್ನಡ ಲಿಪಿಯ ಕರಪತ್ರವಾಗಲಿ ಹೆಚ್ಚು ಒದಗದು. ಮನೆಮಾತಿನಲ್ಲಿ ಎದುರು ಕುಳಿತು ಹೇಳಬೇಕು. ವಿಭಕ್ತಿಯನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ ಇದು ಕಷ್ಟದ ಕೆಲಸವೇನಲ್ಲ.

ಪ್ರತ್ಯಯವೊಂದೇ ಸಾಲದೆಂಬುದೂ ನಿಜ. 1999ರ 'ಮೆಲಿಸ್ಸಾ' ಅಡಗಿದ್ದುದು ಅಪ್ಪಟ ವರ್ಡ್ ಕಡತದೊಳಗಿನ ಮ್ಯಾಕ್ರೋದಲ್ಲಿ. ಮ್ಯಾಕ್ರೋಗೆ ಅನುಮತಿ ಬೇಡುವ ಕಡತವನ್ನು ಅಲ್ಲಿಯೇ ಮುಚ್ಚಿ, ಕಳುಹಿಸಿದವರನ್ನು ದೂರವಾಣಿಯಲ್ಲಿ ವಿಚಾರಿಸುವುದು ಲೇಸು.