ಹಣೆಪಟ್ಟಿ ಕಟ್ಟುವವರು ಯಾರು?

ಮೊಹಲ್ಲಾದ ಹುಡುಗನೊಬ್ಬ ಮೊಬೈಲ್ ಕದ್ದು ಪೊಲೀಸರ ಕೈಗೆ ಸಿಕ್ಕಿಬಿದ್ದನೆಂದರೆ ಇಶಾ ನಮಾಝ್‌ನ ಹೊತ್ತಿಗೆ ನಮ್ಮ ತೀರ್ಪು ಸಿದ್ಧವಾಗಿರುತ್ತದೆ. ತಂದೆ ಗಲ್ಫ್‌ನಲ್ಲಿದ್ದಾರೆ, ಹೇಳುವವರು ಕೇಳುವವರಿಲ್ಲ ಎಂದು ಒಬ್ಬರು, ಸಹವಾಸ ದೋಷ ಎಂದು ಇನ್ನೊಬ್ಬರು, ಆ ಮನೆತನವೇ ಹಾಗೆ ಎಂದು ಮತ್ತೊಬ್ಬರು. ಆತ ಯಾಕೆ ಕದ್ದ ಎಂದು ಇಷ್ಟೊಂದು ಚರ್ಚಿಸುವ ನಾವು, ಇನ್ನು ಮುಂದೆ ಆತನನ್ನು ಏನೆಂದು ಕರೆಯಲಿದ್ದೇವೆ ಎಂದು ಯೋಚಿಸುವುದೇ ಇಲ್ಲ.

ಸಮಾಜಶಾಸ್ತ್ರಜ್ಞರೂ ಬಹುಕಾಲ ಮೊದಲನೆಯ ಪ್ರಶ್ನೆಯಲ್ಲೇ ಮುಳುಗಿದ್ದರು. ಸಮಾಜವು ಸಂಪತ್ತಿನ ಕನಸನ್ನು ಎಲ್ಲರಿಗೂ ತೋರಿಸಿ, ಅದನ್ನು ಮುಟ್ಟುವ ನ್ಯಾಯಯುತ ದಾರಿಯನ್ನು ಕೆಲವರಿಗಷ್ಟೇ ತೆರೆದಿಟ್ಟರೆ ಉಳಿದವರಲ್ಲಿ ಕೆಲವರು ಅಡ್ಡದಾರಿ ಹಿಡಿಯುತ್ತಾರೆ ಎಂದು ಅಮೆರಿಕದ ರಾಬರ್ಟ್ ಮರ್ಟನ್ 1938ರಲ್ಲಿ ವಾದಿಸಿದರು. ಅಪರಾಧವು ಹುಟ್ಟುಗುಣವಲ್ಲ, ಆಪ್ತರ ಒಡನಾಟದಲ್ಲಿ ಕಲಿಯುವಂಥದ್ದು ಎಂಬುದು ಎಡ್ವಿನ್ ಸದರ್ಲ್ಯಾಂಡ್ ಅವರ ನಿಲುವು. ನಮ್ಮ ಹಿರಿಯರು ಹೇಳುವ ಸಹವಾಸ ದೋಷಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಪ್ರಶ್ನೆಯನ್ನೇ ತಿರುಗಿಸಿದವರು ಹೊವಾರ್ಡ್ ಬೆಕರ್. 1963ರಲ್ಲಿ ಪ್ರಕಟವಾದ 'ಔಟ್‌ಸೈಡರ್ಸ್' ಕೃತಿಯಲ್ಲಿ ಅವರು, ದಾರಿ ತಪ್ಪಿದವನು ಎಂಬುದು ಕೃತ್ಯದೊಳಗೆ ಇರುವ ಗುಣವಲ್ಲ, ಸಮಾಜವು ಒಬ್ಬನ ಹಣೆಗೆ ಯಶಸ್ವಿಯಾಗಿ ಅಂಟಿಸಿದ ಪಟ್ಟಿ ಎಂದರು. ಅದಕ್ಕೂ ಮೊದಲೇ, 1951ರಲ್ಲಿ, ಎಡ್ವಿನ್ ಲೆಮರ್ಟ್ ಮೊದಲ ತಪ್ಪನ್ನೂ ಆ ಬಳಿಕದ ತಪ್ಪುಗಳನ್ನೂ ಬೇರೆ ಬೇರೆಯಾಗಿ ನೋಡಿದ್ದರು. ಮೊದಲ ತಪ್ಪಿಗೆ ನೂರು ಕಾರಣಗಳಿರಬಹುದು. ಆದರೆ ಜನರು ತನ್ನನ್ನು ನೋಡುವ ಕಣ್ಣಿನಿಂದಲೇ ಆತ ತನ್ನನ್ನು ನೋಡಿಕೊಳ್ಳತೊಡಗಿದಾಗ ಎರಡನೆಯ ಘಟ್ಟ ಆರಂಭವಾಗುತ್ತದೆ.

ಇದನ್ನು ಮನದಟ್ಟು ಮಾಡುವ ಅಧ್ಯಯನವೊಂದನ್ನು ವಿಲಿಯಮ್ ಚಾಂಬ್ಲಿಸ್ 1973ರಲ್ಲಿ ಪ್ರಕಟಿಸಿದರು. ಅಮೆರಿಕದ ಒಂದೇ ಶಾಲೆಯ ಎರಡು ಗುಂಪುಗಳನ್ನು ಅವರು ಎರಡು ವರ್ಷ ಗಮನಿಸಿದ್ದರು. ಉಳ್ಳವರ ಮನೆಯ ಎಂಟು ಹುಡುಗರು ಶಾಲೆ ತಪ್ಪಿಸಿದರು, ಕುಡಿದು ಕಾರು ಓಡಿಸಿದರು, ಆಸ್ತಿಪಾಸ್ತಿ ಹಾಳುಗೆಡವಿದರು. ಆದರೂ ಅವರಲ್ಲಿ ಒಬ್ಬನನ್ನೂ ಪೊಲೀಸರು ಬಂಧಿಸಲಿಲ್ಲ. ಬಡವರ ಮನೆಯ ಆರು ಹುಡುಗರ ತಪ್ಪುಗಳು ಹೆಚ್ಚುಕಡಿಮೆ ಅಷ್ಟೇ ಇದ್ದರೂ ಅವರಿಗೆ ಠಾಣೆಯ ಅಲೆದಾಟ ತಪ್ಪಲಿಲ್ಲ. ಮೊದಲ ಗುಂಪಿನಲ್ಲಿ ಒಬ್ಬನನ್ನು ಬಿಟ್ಟು ಎಲ್ಲರೂ ಕಾಲೇಜು ಸೇರಿದರು. ಎರಡನೆಯ ಗುಂಪಿನ ಇಬ್ಬರು ಕೊಲೆ ಪ್ರಕರಣಗಳಲ್ಲಿ ಜೈಲು ಸೇರಿದರು. ಇನ್ನಿಬ್ಬರು ಕ್ರೀಡಾ ವಿದ್ಯಾರ್ಥಿವೇತನ ಪಡೆದು, ಓದಿ, ತರಬೇತುದಾರರಾದರು. ಹುಡುಗರು ಅದೇ ಬೀದಿಯವರು. ಯಾರೋ ಅವರಲ್ಲಿ ಪುಂಡನ ಬದಲು ಆಟಗಾರನನ್ನು ಕಂಡರು, ಅಷ್ಟೆ.

ಒಂದು ಇಡೀ ಸಮುದಾಯಕ್ಕೆ ಹಣೆಪಟ್ಟಿ ಕಟ್ಟಿದ ಇತಿಹಾಸ ನಮ್ಮ ದೇಶದ್ದು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಮಗು ಕಣ್ಣು ಬಿಡುವ ಮೊದಲೇ ಅದನ್ನು ಅಪರಾಧಿಯೆಂದು ಘೋಷಿಸಿತು. ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಪ್ರದೇಶದ ಹೆಸರು ಆ ಕಾಲದ ಉಳಿಕೆ. 1952ರಲ್ಲಿ ಕಾಯ್ದೆ ರದ್ದಾಯಿತು. ಆದರೆ ಉತ್ತರ ಕರ್ನಾಟಕದ ಗಂಟಿಚೋರ್ ಸಮುದಾಯದ ಹೆಸರಿನಿಂದ 'ಚೋರ್' ಎಂಬ ಪದ ರದ್ದಾಗಲಿಲ್ಲ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲೂ ಅದು ಹಾಗೆಯೇ ಇದೆ. ಈ ಬುಡಕಟ್ಟುಗಳನ್ನು ರೂಢಿಗತ ಅಪರಾಧಿಗಳೆಂದು ಕಾಣುವ ಜೈಲು ಕೈಪಿಡಿಗಳ ವಿರುದ್ಧ ಸುಪ್ರೀಂ ಕೋರ್ಟ್ ತೀರ್ಪು ನೀಡಲು 2024ರ ಅಕ್ಟೋಬರ್ ಬರಬೇಕಾಯಿತು.

ನಮ್ಮ ಸಮುದಾಯವೂ ಇಂತಹ ಹಣೆಪಟ್ಟಿಯ ನೋವನ್ನು ಬಲ್ಲದು. ಅದರ ವಿರುದ್ಧ ಈ ಪುಟಗಳಲ್ಲಿ ನಾವು ಬರೆಯುತ್ತಲೇ ಇದ್ದೇವೆ. ಹಾಗಿರುವಾಗ ನಮ್ಮ ಓಣಿಯೊಳಗೆ ನಾವು ಮಾಡುತ್ತಿರುವುದೇನು?

ನಾವು ಮದ್ರಸದ ವಸತಿಗೃಹದಲ್ಲಿದ್ದ ದಿನಗಳಲ್ಲಿ ಹನ್ನೆರಡು ವರ್ಷದ ಸಹಪಾಠಿಯೊಬ್ಬ ಯಾರದೋ ಪೆಟ್ಟಿಗೆಯಿಂದ ಐವತ್ತು ರೂಪಾಯಿ ತೆಗೆದ. ಉಸ್ತಾದರು ಕರೆದು ಬುದ್ಧಿ ಹೇಳಿದರು, ಆತ ಹಣ ಮರಳಿಸಿ ಅತ್ತ. ಅವರ ಪಾಲಿಗೆ ವಿಷಯ ಮುಗಿದಿತ್ತು, ನಮಗೆ ಮುಗಿಯಲಿಲ್ಲ. ಆ ಬಳಿಕ ಯಾರ ಸಾಬೂನು ಕಾಣೆಯಾದರೂ ಮೊದಲು ತೆರೆಯುತ್ತಿದ್ದುದು ಆತನ ಪೆಟ್ಟಿಗೆಯನ್ನು. ತೆರೆದವರಲ್ಲಿ ನಾವೂ ಇದ್ದೆವು. ಮೂರು ತಿಂಗಳಲ್ಲಿ ಆತ ಓದು ಬಿಟ್ಟು ಹೊರಟುಹೋದ. ಪರಸ್ಪರರನ್ನು ಅಡ್ಡಹೆಸರುಗಳಿಂದ ಕರೆಯಬಾರದೆಂಬ ಸೂರಃ ಹುಜುರಾತ್‌ನ ಆದೇಶವನ್ನು ಅದೇ ವರ್ಷ ನಾವು ಕಂಠಪಾಠ ಮಾಡಿದ್ದೆವು.

ಹಾಗಾದರೆ ಕಳವನ್ನು ಕಳವು ಎನ್ನಬಾರದೇ, ಕಳೆದುಕೊಂಡವನ ಗತಿಯೇನು ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹುಡುಗ ಮೊದಲ ಬಾರಿ ಯಾಕೆ ಕೈ ಚಾಚಿದ ಎಂಬುದಕ್ಕೆ ಬೆಕರ್ ಅವರಲ್ಲಿ ಸಮರ್ಪಕ ಉತ್ತರವಿಲ್ಲ. ಅದಕ್ಕೆ ಮರ್ಟನ್ ಬೇಕು, ಮನೆಯ ಪಾಲನೆಯನ್ನೂ ನೋಡಬೇಕು. ಕದ್ದ ವಸ್ತು ಮರಳಬೇಕು, ಶಿಕ್ಷೆಯೂ ಆಗಬೇಕು. ನಮ್ಮ ತಕರಾರಿರುವುದು ಶಿಕ್ಷೆ ಮುಗಿದ ಮೇಲೂ ಮುಗಿಯದ ಶಿಕ್ಷೆಯ ಬಗ್ಗೆ. 2015ರ ಬಾಲನ್ಯಾಯ ಕಾಯ್ದೆಯು ಮಕ್ಕಳಿಗೆ ಕಳಂಕ ಹಚ್ಚುವ ಪದಗಳನ್ನು ಬಳಸಬಾರದೆನ್ನುತ್ತದೆ, ಪ್ರಕರಣದಲ್ಲಿ ಸಿಲುಕಿದ ಮಗುವಿನ ಗುರುತು ಪ್ರಕಟಿಸುವುದನ್ನು ನಿಷೇಧಿಸುತ್ತದೆ. ನಾವಾದರೋ ಹುಡುಗನ ಫೋಟೋವನ್ನು ಮೊಹಲ್ಲಾದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ 'ಎಚ್ಚರವಿರಲಿ' ಎಂದು ಬರೆಯುತ್ತೇವೆ.

ಜಮಾಅತ್ ಸಮಿತಿಗಳು ಈ ಫೋಟೋಗಳನ್ನು ಮೊದಲು ತೆಗೆಸಲಿ. ಬಳಿಕ, ವೀಕ್ಷಣಾಲಯದಿಂದ ಮರಳಿದ ಹುಡುಗನ ಕೈ ಹಿಡಿದು ಶಾಲೆಯ ಮುಖ್ಯೋಪಾಧ್ಯಾಯರ ಬಳಿಗೆ ಹೋಗುವವರು ಯಾರು, ಶಾಲೆ ಒಲ್ಲೆನೆಂದರೆ ಕೆಲಸ ಕಲಿಯುವ ವಯಸ್ಸಿನವನಿಗೆ ಗ್ಯಾರೇಜಿನಲ್ಲಿ ಸ್ಪ್ಯಾನರ್ ಕೊಡುವವರು ಯಾರು ಎಂದು ಜುಮಾ ಬಳಿಕದ ಸಭೆಯಲ್ಲಿ ಹೆಸರು ಹಿಡಿದು ಕೇಳಲಿ. ಆತ ಬರುವ ದಿನಾಂಕ ತಾಯಿಗೆ ಗೊತ್ತಿರುತ್ತದೆ. ಆಕೆ ಅದನ್ನು ಯಾರಿಗೂ ಹೇಳುತ್ತಿಲ್ಲ.